ಗೊತ್ತಿರಲಿಲ್ಲ ಎನ್ನುವ ಮಾತು

ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಸಲ ಕೇಳಿಬರುವ ಮಾತು ಯಾವುದೆಂದು ಯಾರಾದರೂ ಲೆಕ್ಕ ಹಾಕಿದರೆ 'ಗೊತ್ತಿರಲಿಲ್ಲ' ಎನ್ನುವುದು ಮೊದಲ ಐದರಲ್ಲಿ ಬಂದೀತು. ಹಾಲು ಉಕ್ಕಿ ಹೋಯಿತೇ? ಒಲೆಯ ಮೇಲಿಟ್ಟಿದ್ದು ನಂಗೆ ಗೊತ್ತಿರಲಿಲ್ಲ. ನಾದಿನಿಯ ಸೀಮಂತಕ್ಕೆ ಹೋಗಲಿಲ್ಲವೇ? ದಿನ ಗೊತ್ತಿರಲಿಲ್ಲ. ಹಿಂದಿನ ಬೀದಿಯ ಮನೆಯಲ್ಲಿ ಆ ಹುಡುಗಿಯನ್ನು ಅಷ್ಟೊಂದು ಹೊಡೆಯುತ್ತಿದ್ದರೇ? ಅಯ್ಯೋ ಪಾಪ, ನಮಗೆ ಗೊತ್ತೇ ಇರಲಿಲ್ಲ. ಈ ಮಾತು ಆಡಿದ ಮೇಲೆ ಯಾರೂ ಮುಂದೆ ಕೇಳುವುದಿಲ್ಲ. ಗೊತ್ತಿಲ್ಲದವರ ಮೇಲೆ ತಪ್ಪು ಹೊರಿಸುವುದು ಹೇಗೆ? ಮಗು ಬೆಂಕಿ ಮುಟ್ಟಿದರೆ ನಾವು ಮಗುವನ್ನು ಬಯ್ಯುತ್ತೇವೆಯೆ?

ನಾನೂ ಬಹಳ ವರ್ಷ ಹಾಗೆಯೇ ಅಂದುಕೊಂಡಿದ್ದೆ. ಅದೂ, ಗೊತ್ತಿಲ್ಲದ್ದನ್ನು ಗೊತ್ತುಮಾಡಿಕೊಳ್ಳುವುದೇ ನನ್ನ ಸಂಬಳದ ಕೆಲಸವಾಗಿದ್ದ ಕಾಲದಲ್ಲಿ.

ನಾನು ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಔಷಧಿಗಳ ಪರೀಕ್ಷೆ ಮಾಡುತ್ತಿದ್ದೆ. ಸೀಸೆಯ ಮೇಲೆ ಬರೆದದ್ದು ಸೀಸೆಯ ಒಳಗಿದೆಯೇ, ಬರೆಯದೆ ಇರುವುದು ಏನಾದರೂ ಇದೆಯೇ, ಇಷ್ಟೇ ನಮ್ಮ ಪ್ರಶ್ನೆ. 1993ರ ದೀಪಾವಳಿಯ ಸುಮಾರಿಗೆ ನಮ್ಮತ್ತೆಗೆ ಮಂಡಿನೋವು, ಬೆರಳ ಗಂಟಿನ ನೋವು ಎರಡೂ ಮೇರೆ ಮೀರಿದವು. ಚಕ್ಕುಲಿ ಒರಳು ಒತ್ತಲಾಗದೆ ಅವರು ಹಿಟ್ಟಿನ ಮುಂದೆ ಕೂತು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ಡಾಕ್ಟರರ ಮಾತ್ರೆ ಹೊಟ್ಟೆ ಉರಿಸುತ್ತದೆಂದು ಬಿಟ್ಟುಬಿಟ್ಟಿದ್ದರು. ಯಾರೋ ಹೇಳಿದರೆಂದು ನಮ್ಮ ಮನೆಯವರು ಹತ್ತಿರದ ಒಂದು ಊರಿನ ನಾಟಿವೈದ್ಯರಿಂದ ಪುಡಿ ತಂದರು. ಪತ್ರಿಕೆ ಕಾಗದದಲ್ಲಿ ಮಡಿಸಿದ ಪುಟ್ಟ ಪೊಟ್ಟಣಗಳು. ಬೆಳಿಗ್ಗೆ ಒಂದು, ಸಂಜೆ ಒಂದು, ಜೇನಿನಲ್ಲಿ ಕಲಸಿ ನೆಕ್ಕಬೇಕು. ಶುಂಠಿ, ಹಿಪ್ಪಲಿಯ ವಾಸನೆ ಘಮ್ಮೆನ್ನುತ್ತಿತ್ತು.

ಮೂರನೆಯ ದಿನ ಅತ್ತೆ ಮಣೆಯ ಮೇಲೆ ಕೂತು ಪೂಜೆ ಮಾಡಿದರು. ವಾರ ಕಳೆಯುವುದರೊಳಗೆ ಗೇಟಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ರಂಗೋಲಿ ಹಾಕಿದರು. ಸಂಕ್ರಾಂತಿಗೆ ಎಳ್ಳು ಹುರಿದು, ಕೊಬ್ಬರಿ ಹೆಚ್ಚಿ, ಸಕ್ಕರೆ ಅಚ್ಚು ಹಾಕಿದ್ದು ಎಲ್ಲವೂ ಅವರೇ. ಬೆಳಗಿನ ನಾಲ್ಕೂವರೆಗೆ ಎದ್ದು ಎರಡು ಮಕ್ಕಳ ಡಬ್ಬಿ ಕಟ್ಟಿ, ಸಾರು ಕುದಿಸಿಟ್ಟು, ಎಂಟೂವರೆಯ ಬಸ್ಸಿಗೆ ಓಡುತ್ತಿದ್ದ ನನಗೆ ಆರು ಗಂಟೆಯವರೆಗೆ ಮಲಗುವ ಭಾಗ್ಯ ಬಂತು. ಏಳುವ ಹೊತ್ತಿಗೆ ಅಕ್ಕಿರೊಟ್ಟಿಯ ವಾಸನೆ ಬರುತ್ತಿತ್ತು. ಸಂಜೆ ಬಂದರೆ ಮಕ್ಕಳ ಪಾಠ ಮುಗಿದಿರುತ್ತಿತ್ತು. ಮನೆಯಲ್ಲಿ ಒಬ್ಬರ ನೋವು ಹೋದರೆ ನಾಲ್ಕು ಜನರ ಬದುಕು ಹಗುರವಾಗುತ್ತದೆ.

ಯುಗಾದಿಯ ಹೊತ್ತಿಗೆ ಅತ್ತೆಯ ಮುಖ ತುಂಬಿಕೊಂಡಿತ್ತು. ಹುಣ್ಣಿಮೆಯ ಚಂದ್ರನ ಹಾಗೆ ದುಂಡಗೆ, ಕೆನ್ನೆಯ ಮೇಲೆ ನಸುಗೆಂಪು. ಬಂದ ನೆಂಟರೆಲ್ಲ "ಸೊಸೆ ಚೆನ್ನಾಗಿ ನೋಡಿಕೊಳ್ತಾಳೆ, ಮುಖದಲ್ಲೇ ಕಾಣುತ್ತೆ" ಎಂದರು. ನಾನು ಆ ಹೊಗಳಿಕೆಯನ್ನು ತೆಗೆದುಕೊಂಡು ಇಟ್ಟುಕೊಂಡೆ. ಆದರೆ ಅವತ್ತೇ, ಅರಿಸಿನ ಕುಂಕುಮ ಕೊಡುವಾಗ, ಅವರ ಮುಂಗೈಯಲ್ಲಿ ಬಳೆ ತಗುಲಿದ ಕಡೆಯೆಲ್ಲ ನೀಲಿಗಟ್ಟಿದ್ದನ್ನು ನೋಡಿದೆ. ತುಂಬಿದ ಮುಖ, ಬಡಕಲು ತೋಳು, ಸುಮ್ಮನೆ ತಾಗಿದರೂ ಕಂದುವ ಚರ್ಮ. ಇವು ಮೂರೂ ಒಟ್ಟಿಗೆ ಬಂದರೆ ಅದಕ್ಕೊಂದು ಕಾರಣವಿರುತ್ತದೆಂದು ನಾನು ಪುಸ್ತಕದಲ್ಲಿ ಓದಿದ್ದೆ. ಆ ಕಾರಣದ ಹೆಸರು ಬರೆದ ಸೀಸೆಗಳು ನಮ್ಮ ಪ್ರಯೋಗಾಲಯದ ಕಪಾಟಿನಲ್ಲೇ ಇದ್ದವು. ಆ ಯೋಚನೆ ಬಂದದ್ದು ಒಂದು ಕ್ಷಣ. ಅಷ್ಟರಲ್ಲಿ ಯಾರೋ ಹೋಳಿಗೆಗೆ ತುಪ್ಪ ಕೇಳಿದರು. ನಾನು ಎದ್ದು ಹೋದೆ.

ಆ ಎದ್ದು ಹೋದದ್ದರ ಬಗ್ಗೆಯೇ ಈ ಬರಹ.

ಆಷಾಢದಲ್ಲಿ ಅತ್ತೆಯ ಕಾಲಿಗೆ ಈಳಿಗೆಮಣೆಯ ಅಂಚು ತಗುಲಿ ಗಾಯವಾಯಿತು. ಹದಿನೈದು ದಿನವಾದರೂ ಮಾಯಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಎಂದೂ ಇಲ್ಲದ ಸಕ್ಕರೆ ಕಾಯಿಲೆ. ಡಾಕ್ಟರು ಅವರ ಮುಖ ನೋಡಿದರು, ತೋಳು ನೋಡಿದರು. "ಏನು ಔಷಧಿ ತಗೋತಿದೀರಿ?" ಎಂದರು.

"ಏನೂ ಇಲ್ಲ ಡಾಕ್ಟ್ರೇ, ಬರೀ ಬೇರು ನಾರು" ಎಂದರು ಅತ್ತೆ.

ಡಾಕ್ಟರು ನನ್ನ ಕಡೆ ತಿರುಗಿ, "ಅದರಲ್ಲಿ ಏನಿದೆ ಅಂತ ಗೊತ್ತಾ?" ಎಂದು ಕೇಳಿದರು. ನಾನು "ಗೊತ್ತಿಲ್ಲ" ಎಂದೆ. ನಾನು ಎಲ್ಲಿ ಕೆಲಸ ಮಾಡುತ್ತೇನೆಂದು ಅವರಿಗೆ ಗೊತ್ತಿತ್ತು. ಅವರು ಏನೂ ಅನ್ನಲಿಲ್ಲ. "ತಿಳ್ಕೊಂಡು ಬೇಗ ಹೇಳಿ" ಎಂದಷ್ಟೇ ಅಂದರು. ನನ್ನ ಮುಖ ಬಿಸಿಯಾಯಿತು.

ಮಾರನೆಯ ದಿನ ಹತ್ತು ಪೊಟ್ಟಣ ಚೀಲದಲ್ಲಿ ಹಾಕಿಕೊಂಡು ಹೋಗಿ ನಮ್ಮ ಹಿರಿಯ ಅಧಿಕಾರಿಯ ಮುಂದೆ ನಿಂತೆ. ಅವರೂ ಹೆಂಗಸು, ಮಾತು ಕಡಿಮೆ, ಶಿಸ್ತು ಹೆಚ್ಚು. "ಐದು ಗಂಟೆ ಆದಮೇಲೆ ಮಾಡ್ಕೋ. ದ್ರಾವಕದ ದುಡ್ಡು ಕಟ್ಟು" ಎಂದರು.

ಪುಡಿಯೊಂದರಲ್ಲಿ ಏನಿದೆ ಎಂದು ತಿಳಿಯುವುದು ಹೇಗೆ? ಅಡುಗೆ ಮನೆಯ ಮಾತಿನಲ್ಲೇ ಹೇಳುತ್ತೇನೆ. ಸಾರಿನ ಪುಡಿಯಲ್ಲಿ ಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಮೆಂತ್ಯ, ಇಂಗು ಎಲ್ಲ ಸೇರಿ ಒಂದಾಗಿರುತ್ತವೆ. ಜಾಣೆಯಾದವಳು ಮೂಸಿ ನೋಡಿ ಮೆಂತ್ಯ ಜಾಸ್ತಿಯಾಯಿತು ಎಂದಾಳು. ಆದರೆ ಯಾರೋ ಗುಟ್ಟಾಗಿ ಚಿಟಿಕೆಯಷ್ಟು ಬೇರೇನೋ ಹಾಕಿದ್ದರೆ ಮೂಗಿಗೆ ತಿಳಿಯುವುದಿಲ್ಲ. ಮೊದಲು ಒಂದೊಂದನ್ನೂ ಬೇರೆ ಮಾಡಬೇಕು, ಆಮೇಲೆ ಒಂದೊಂದರ ಗುರುತು ಹಿಡಿಯಬೇಕು. ಇವು ಎರಡು ಬೇರೆ ಬೇರೆ ವಿದ್ಯೆಗಳು.

ಬೇರೆ ಮಾಡುವ ವಿದ್ಯೆಯನ್ನು ತೋರಿಸಿಕೊಟ್ಟವನು ಮಿಖಾಯಿಲ್ ತ್ಸ್ವೆಟ್ ಎಂಬ ರಷ್ಯದ ಸಸ್ಯವಿಜ್ಞಾನಿ. ಗಾಜಿನ ಕೊಳವೆಯಲ್ಲಿ ಸೀಮೆಸುಣ್ಣದ ಪುಡಿ ತುಂಬಿ, ಮೇಲಿನಿಂದ ಎಲೆಯ ಹಸಿರು ರಸವನ್ನು ಹಾಕಿ, ದ್ರಾವಕ ಸುರಿಯುತ್ತ ಹೋದ. ಒಂದೇ ಹಸಿರಾಗಿ ಕಾಣುತ್ತಿದ್ದದ್ದು ಇಳಿಯುತ್ತ ಇಳಿಯುತ್ತ ಹಸಿರು, ಹಳದಿ ಪಟ್ಟೆಗಳಾಗಿ ಬಿಡಿಸಿಕೊಂಡಿತು. ಸುಣ್ಣಕ್ಕೆ ಹೆಚ್ಚು ಅಂಟಿಕೊಂಡದ್ದು ಹಿಂದೆ ಉಳಿಯಿತು, ಅಂಟು ಕಡಿಮೆಯಿದ್ದದ್ದು ಮುಂದೆ ಹೋಯಿತು. 1906ರಲ್ಲಿ ಅವನು ಇದಕ್ಕೆ ಕ್ರೊಮ್ಯಾಟೋಗ್ರಫಿ, ಅಂದರೆ ಬಣ್ಣದ ಬರಹ ಎಂದು ಹೆಸರಿಟ್ಟ. ಅವನ ಹೆಸರು ತ್ಸ್ವೆಟ್ ಎಂಬುದಕ್ಕೂ ರಷ್ಯನ್ ಭಾಷೆಯಲ್ಲಿ ಬಣ್ಣ ಎಂದೇ ಅರ್ಥ. ಅವನು 1919ರಲ್ಲಿ ತೀರಿಕೊಂಡಾಗ ಈ ವಿದ್ಯೆಯನ್ನು ಕೇಳುವವರಿರಲಿಲ್ಲ. 1931ರ ಮೇಲೆಯೇ ಜಗತ್ತು ಅದನ್ನು ಮತ್ತೆ ಎತ್ತಿಕೊಂಡಿತು.

ನಮ್ಮಲ್ಲಿದ್ದದ್ದು ಅದರ ಮೊಮ್ಮಗಳು. ಒಂದು ಗೇಣುದ್ದದ ಉಕ್ಕಿನ ಕೊಳವೆ, ಅರ್ಧ ಸೆಂಟಿಮೀಟರೂ ಇಲ್ಲದ ಒಳಗಂಡಿ. ಒಳಗೆ ಕಣ್ಣಿಗೆ ಕಾಣದಷ್ಟು ನುಣುಪಾದ ಸಿಲಿಕಾ ಕಣಗಳು. ನೂರು ವಾಯುಭಾರಕ್ಕೂ ಹೆಚ್ಚಿನ ಒತ್ತಡದಲ್ಲಿ ಮೆಥನಾಲು, ನೀರು ಬೆರೆಸಿ ನೂಕಬೇಕು. ನಮ್ಮ ಪುಡಿಯನ್ನು ಮೆಥನಾಲಿನಲ್ಲಿ ಕದಡಿ, ಸೋಸಿ, ಸಾಸಿವೆ ಗಾತ್ರದ ಹನಿಯನ್ನು ಒಳಗೆ ಬಿಟ್ಟೆ. ಇನ್ನೊಂದು ತುದಿಯಲ್ಲಿ ಒಂದೊಂದು ವಸ್ತುವೂ ತನ್ನ ತನ್ನ ಹೊತ್ತಿಗೆ ಹೊರಬರುತ್ತದೆ. ಬಂದಾಗ ಪೆನ್ನು ಕಾಗದದ ಮೇಲೆ ಒಂದು ಗುಡ್ಡ ಬರೆಯುತ್ತದೆ. ಶುಂಠಿ, ಹಿಪ್ಪಲಿಗಳ ಸಣ್ಣ ಪುಟ್ಟ ಗುಡ್ಡಗಳ ನಡುವೆ, ಹನ್ನೊಂದನೆಯ ನಿಮಿಷದಲ್ಲಿ, ಪೆನ್ನು ಸೀದಾ ಮೇಲೆ ಹೋಗಿ ಕೆಳಗೆ ಬಂತು. ಬೇರಿನಲ್ಲಿ ನಾರಿನಲ್ಲಿ ಅಂಥ ಗೋಪುರ ಏಳುವುದಿಲ್ಲ. ಕಪಾಟಿನಿಂದ ಸ್ಟೀರಾಯ್ಡ್‌ಗಳ ಶುದ್ಧ ಮಾದರಿಗಳನ್ನು ತೆಗೆದು ಓಡಿಸಿದೆ. ಡೆಕ್ಸಾಮೆಥಸೋನ್ ಅದೇ ಹೊತ್ತಿಗೆ ಬಂತು.

ಓಡಿಹೋಗಿ ಮೇಡಂಗೆ ತೋರಿಸಿದೆ. ಅವರು ಕನ್ನಡಕ ಮೇಲೆ ಮಾಡಿ ನೋಡಿ, "ಹೊತ್ತು ಹೊಂದಿತು ಅಂತ ಹೆಸರಿಡಬೇಡ" ಎಂದರು. "ಬೀಟಾಮೆಥಸೋನ್ ಓಡಿಸಿದೆಯಾ?"

ಓಡಿಸಿದೆ. ಅದೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ ಬಂತು. ಸಂಜೆ ಆರರ ಬಸ್ಸಿಗೆ ಇಬ್ಬರು ಇಳಿದರೆ ಇಬ್ಬರೂ ಒಬ್ಬರೇ ಆಗಿಬಿಡುತ್ತಾರೆಯೇ? ಇವೆರಡೂ ಅವಳಿ ಅಕ್ಕತಂಗಿಯರಿದ್ದ ಹಾಗೆ. ಒಂದೇ ತೂಕ, ಅಷ್ಟೇ ಇಂಗಾಲ, ಅಷ್ಟೇ ಜಲಜನಕ, ಅಷ್ಟೇ ಆಮ್ಲಜನಕ, ಒಂದು ಫ್ಲೋರಿನ್. ಹದಿನಾರನೆಯ ಇಂಗಾಲದ ಮೇಲಿನ ಒಂದು ಚಿಕ್ಕ ಗುಂಪು ಒಂದರಲ್ಲಿ ಈ ಕಡೆಗೆ, ಇನ್ನೊಂದರಲ್ಲಿ ಆ ಕಡೆಗೆ. ಒಬ್ಬಳು ಎಡ ಮೂಗಿಗೆ ಮೂಗುಬೊಟ್ಟು ಇಟ್ಟುಕೊಂಡು ಇನ್ನೊಬ್ಬಳು ಬಲಕ್ಕೆ ಇಟ್ಟುಕೊಂಡರೆ ಎಷ್ಟು ವ್ಯತ್ಯಾಸವೋ ಅಷ್ಟು. ಇವತ್ತಿನ ಪ್ರಯೋಗಾಲಯಗಳಲ್ಲಿ ಅಣುಗಳನ್ನು ತೂಗುವ ಯಂತ್ರಗಳಿವೆ. ಆದರೆ ತೂಕ ಮಾತ್ರ ನೋಡಿದರೆ ಅವಕ್ಕೂ ಈ ಇಬ್ಬರು ಒಂದೇ.

ಇಲ್ಲಿ ಎರಡನೆಯ ವಿದ್ಯೆ ಬೇಕು. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳಜ್ಞ ಬಿಸಿಲನ್ನು ಪಟ್ಟಕದಲ್ಲಿ ಹಾಯಿಸಿ, ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟು ನೋಡುತ್ತಿದ್ದ. ಕೆಂಪಿನಿಂದ ಆಚೆ, ಏನೂ ಕಾಣದ ಕತ್ತಲಲ್ಲಿ ಇಟ್ಟ ಥರ್ಮಾಮೀಟರಿನ ಪಾದರಸ ಇನ್ನೂ ಮೇಲೇರಿತು. ಅಲ್ಲೊಂದು ಕಾಣದ ಬೆಳಕಿತ್ತು. (ಈ ಹರ್ಷೆಲ್ ದೂರದರ್ಶಕದ ಕನ್ನಡಿ ಉಜ್ಜುತ್ತ ಕೈಬಿಡಲಾಗದೆ ಕೂತಾಗ ಅವನ ತಂಗಿ ಕ್ಯಾರೊಲಿನ್ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಅವಳೂ ಮುಂದೆ ಧೂಮಕೇತುಗಳನ್ನು ಕಂಡುಹಿಡಿದಳು ಎನ್ನುವುದು ಬೇರೆ ಮಾತು.) ಆ ಕಾಣದ ಬೆಳಕೇ ಇನ್‌ಫ್ರಾರೆಡ್, ನಮ್ಮ ಶಾಲೆಯ ಪುಸ್ತಕದ ಅವಕೆಂಪು ಕಿರಣ. ಅಣುವಿನೊಳಗಿನ ಬಂಧಗಳು ಗಟ್ಟಿ ಕಟ್ಟುಗಳಲ್ಲ. ಸ್ಪ್ರಿಂಗಿನ ಹಾಗೆ ಸದಾ ಮಿಡಿಯುತ್ತಿರುತ್ತವೆ. ಒಂದೊಂದು ಬಂಧಕ್ಕೂ ಅದರದೇ ತಾಳ. ಅವಕೆಂಪು ಬೆಳಕು ಹಾಯಿಸಿದರೆ ತನ್ನ ತಾಳಕ್ಕೆ ಹೊಂದುವ ಬೆಳಕನ್ನು ಬಂಧ ಹೀರಿಕೊಳ್ಳುತ್ತದೆ, ಉಳಿದದ್ದನ್ನು ಬಿಡುತ್ತದೆ. ಹೀರಿದ ಕಡೆಯೆಲ್ಲ ಗೆರೆಯಲ್ಲಿ ಕಣಿವೆ ಬೀಳುತ್ತದೆ. 1700ರ ಅಕ್ಕಪಕ್ಕ ಕಣಿವೆ ಬಿದ್ದರೆ ಇಂಗಾಲಕ್ಕೆ ಆಮ್ಲಜನಕ ಜೋಡಿ ಕೊಂಡಿ ಹಾಕಿಕೊಂಡಿದೆ ಎಂದರ್ಥ. ಇದನ್ನು ಅನೇಕ ವಸ್ತುಗಳಲ್ಲಿ ಕಾಣಬಹುದು. ಆದರೆ 1500ಕ್ಕಿಂತ ಕೆಳಗೆ ಒಂದು ಸಂದಣಿಯಿದೆ. ಅಲ್ಲಿ ಇಡೀ ಅಣು ಮೈಮುರಿದು ಆಡುತ್ತದೆ. ಅದಕ್ಕೆ ನಾವು ಬೆರಳಚ್ಚಿನ ಪ್ರದೇಶ ಎನ್ನುತ್ತೇವೆ. ಅವಳಿಗಳ ಮೂಗುಬೊಟ್ಟು ಕಾಣುವುದು ಅಲ್ಲಿ.

ಹಾಗಾದರೆ ಪುಡಿಯನ್ನು ನೇರವಾಗಿ ಆ ಬೆಳಕಿಗೇ ಒಡ್ಡಬಹುದಿತ್ತಲ್ಲ ಎಂದು ಕೇಳುತ್ತೀರಿ. ಒಡ್ಡಿದರೆ ಎಲ್ಲ ವಸ್ತುಗಳೂ ಒಟ್ಟಿಗೆ ಮಾತಾಡುತ್ತವೆ. ಮದುವೆ ಮನೆಯ ಗದ್ದಲದಲ್ಲಿ ಒಂದು ದನಿ ಹಿಡಿಯಲಾಗುವುದಿಲ್ಲ. ಬೇರೆ ಮಾಡುವ ಯಂತ್ರಕ್ಕೆ ಗುರುತು ಹಿಡಿಯಲು ಬಾರದು, ಗುರುತು ಹಿಡಿಯುವ ಯಂತ್ರಕ್ಕೆ ಬೇರೆ ಮಾಡಲು ಬಾರದು. ಎರಡನ್ನೂ ಜೋಡಿಸಿದರೆ ಗುಟ್ಟು ಬಯಲಾಗುತ್ತದೆ. ಆದರೆ ಜೋಡಿಸುವುದೇ ಕಷ್ಟ. ಏಕೆಂದರೆ ವಸ್ತುವನ್ನು ಹೊತ್ತು ತರುವ ಮೆಥನಾಲು, ನೀರು ಎರಡೂ ಆ ಬೆಳಕನ್ನು ತಾವೇ ಕುಡಿದುಬಿಡುತ್ತವೆ. ಹೊರದೇಶಗಳಲ್ಲಿ ಆ ಹೊತ್ತಿಗಾಗಲೇ ಇದಕ್ಕೊಂದು ಉಪಾಯ ಬಂದಿತ್ತು: ಕೊಳವೆಯ ತುದಿಯಲ್ಲಿ ದ್ರಾವಕವನ್ನು ಆವಿ ಮಾಡಿ ಹಾರಿಸುತ್ತ, ಉಳಿದ ವಸ್ತುವನ್ನು ನಿಧಾನವಾಗಿ ತಿರುಗುವ ಜರ್ಮೇನಿಯಂ ಬಿಲ್ಲೆಯ ಮೇಲೆ ಸಿಂಪಡಿಸುವುದು, ಆಮೇಲೆ ಆ ಬಿಲ್ಲೆಯ ಗುಂಟ ಬೆಳಕು ಹಾಯಿಸುವುದು. ನಮ್ಮಲ್ಲಿ ಬಿಲ್ಲೆ ಇರಲಿಲ್ಲ. ನನ್ನ ಎರಡು ಕೈ ಇದ್ದವು.

ಹನ್ನೊಂದನೆಯ ನಿಮಿಷ ಬರುವಾಗ ಕೊಳವೆಯ ತುದಿಗೆ ಪುಟ್ಟ ಸೀಸೆ ಹಿಡಿಯಬೇಕು, ಗುಡ್ಡ ಇಳಿದ ಕೂಡಲೇ ತೆಗೆಯಬೇಕು. ಹೀಗೆ ಇಪ್ಪತ್ತು ಸಲ. ಕೂಡಿಹಾಕಿದ್ದನ್ನು ಆರಿಸಿದರೆ ಸೀಸೆಯ ತಳದಲ್ಲಿ ಬಿಳಿಯ ಮಬ್ಬು, ಕುಂಕುಮದ ಚಿಟಿಕೆಗಿಂತ ಬಹಳ ಕಡಿಮೆ. ಅದನ್ನು ಪೊಟ್ಯಾಸಿಯಂ ಬ್ರೋಮೈಡ್ ಎಂಬ ಉಪ್ಪಿನ ಜೊತೆ ಅಗೇಟ್ ಕಲ್ಲಿನ ಪುಟ್ಟ ಕಲ್ಬತ್ತಿನಲ್ಲಿ ಅರೆದು, ಅಚ್ಚಿನಲ್ಲಿ ಹಾಕಿ ಟನ್ನುಗಟ್ಟಲೆ ಒತ್ತಡ ಕೊಟ್ಟರೆ ಗಾಜಿನಂಥ ಬಿಲ್ಲೆಯಾಗುತ್ತದೆ. ಆ ಉಪ್ಪು ಈ ಬೆಳಕನ್ನು ಮುಟ್ಟುವುದಿಲ್ಲ. ಆದರೆ ನೀರು ಕಂಡರೆ ಹೀರುತ್ತದೆ. ಆಷಾಢದ ಮಳೆ ಹೊರಗೆ ಸುರಿಯುತ್ತಿತ್ತು. ಮೊದಲ ಬಿಲ್ಲೆ ತೇವ ಕುಡಿದು ಮಬ್ಬಾಯಿತು. ಎರಡನೆಯದು ಒಡೆಯಿತು. ಬಿಲ್ಲೆ ಇಡುವ ಮೊದಲು ಯಂತ್ರದಲ್ಲಿ ಪಾಲಿಸ್ಟೈರೀನ್ ಹಾಳೆಯನ್ನಿಟ್ಟು ಯಂತ್ರ ಸುಳ್ಳು ಹೇಳುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಅದರ ಕಣಿವೆಗಳು ಎಲ್ಲೆಲ್ಲಿ ಎಂದು ಮೊದಲೇ ಗೊತ್ತು. ಯಂತ್ರ ಅವನ್ನು ಅಲ್ಲೇ ತೋರಿಸಿದರೆ ಮಾತ್ರ ಮುಂದಿನ ಮಾತು. ಇನ್ನೊಬ್ಬರನ್ನು ಅಳೆಯುವ ಮೊದಲು ನಮ್ಮ ಅಳತೆಗೋಲು ನೆಟ್ಟಗಿದೆಯೇ ಎಂದು ನೋಡುವುದು ಪ್ರಯೋಗಾಲಯದ ನಿಯಮ. ಮನೆಯಲ್ಲಿ ನಾವದನ್ನು ಪಾಲಿಸುವುದು ಅಪರೂಪ.

ಮೂರನೆಯ ಬಿಲ್ಲೆಯಲ್ಲಿ ಗೆರೆ ಬಂತು. ನಮ್ಮಲ್ಲಿದ್ದ ಡೆಕ್ಸಾಮೆಥಸೋನ್ ಗೆರೆಗೂ ಅದಕ್ಕೂ ಸಣ್ಣ ವ್ಯತ್ಯಾಸ ಕಂಡು ನಾನು ಗಾಬರಿಯಾದೆ. ಮೇಡಂ ಮತ್ತೆ ತಡೆದರು. ಒಂದೇ ವಸ್ತು ಆರಿದ ರೀತಿ ಬೇರೆಯಾದರೆ ಹರಳಿನ ಕಟ್ಟು ಬೇರೆಯಾಗಿ ಗೆರೆ ಬದಲಾಗಬಹುದು. ಅದಕ್ಕೆ ಔಷಧ ಗ್ರಂಥಗಳಲ್ಲೇ ಒಂದು ನಿಯಮವಿದೆ: ಎರಡನ್ನೂ ಒಂದೇ ದ್ರಾವಕದಲ್ಲಿ ಕರಗಿಸಿ, ಒಂದೇ ರೀತಿ ಆರಿಸಿ, ಆಮೇಲೆ ಹೋಲಿಸಿ ನೋಡು. ಹಾಗೆ ಮಾಡಿದಾಗ ಎರಡೂ ಗೆರೆ ಒಂದರ ಮೇಲೊಂದು ಕೂತವು. ಬೀಟಾ ಕೂರಲಿಲ್ಲ. ಒಬ್ಬರು ಹೀಗೆ, ಇನ್ನೊಬ್ಬರು ಹಾಗೆ ಎಂದು ತೀರ್ಪು ಕೊಡುವ ಮೊದಲು ಇಬ್ಬರನ್ನೂ ಒಂದೇ ನೀರಿನಲ್ಲಿ ಅದ್ದಿ ನೋಡಿದ್ದೇವೆಯೇ ಎಂದು ಆಮೇಲಾಮೇಲೆ ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಹೆಸರು ಸಿಕ್ಕಿತು. ಆದರೆ ಈ ಹೆಸರು ಸಿಗಲು ಹನ್ನೆರಡು ದಿನ ಹಿಡಿದಿತ್ತು. ಎರಡನೆಯ ದಿನವೇ ಅದು ಸ್ಟೀರಾಯ್ಡ್ ಎನ್ನುವುದರಲ್ಲಿ ನನಗೆ ಅನುಮಾನ ಉಳಿದಿರಲಿಲ್ಲ. ಅತ್ತೆಯ ದೇಹಕ್ಕೆ ಡೆಕ್ಸಾ ಆದರೇನು, ಬೀಟಾ ಆದರೇನು? ದೂರು ಕೊಡುವ ಕಾಗದಕ್ಕೆ ಸರಿಯಾದ ಹೆಸರು ಬೇಕಿತ್ತು, ನಿಜ. ಅದರ ನೆಪದಲ್ಲಿ ನಾನು ಹತ್ತು ದಿನ ಡಾಕ್ಟರ ಹತ್ತಿರ ಹೋಗಲಿಲ್ಲ, ಅತ್ತೆಗೆ ಹೇಳಲಿಲ್ಲ. ಬೆಳಿಗ್ಗೆ ಅವರು ಪುಡಿ ನೆಕ್ಕಿ ನನಗೆ ರೊಟ್ಟಿ ತಟ್ಟಿ ಕೊಡುತ್ತಿದ್ದರು. ಸಂಜೆ ನಾನು ಅದೇ ಪುಡಿಯ ಬೆರಳಚ್ಚು ತೆಗೆಯುತ್ತಿದ್ದೆ. ಪೂರ್ತಿ ಖಚಿತವಾಗದೆ ಮಾತಾಡಬಾರದು ಎನ್ನುವುದು ವಿಜ್ಞಾನದ ನೀತಿ. ಆ ಒಳ್ಳೆಯ ನೀತಿಯ ಹಿಂದೆ ನಾನು ಅಡಗಿ ಕೂತಿದ್ದೆ.

ಡಾಕ್ಟರು ವರದಿ ನೋಡಿ ಮೊದಲು ಹೇಳಿದ್ದು, "ದಯವಿಟ್ಟು ಇವತ್ತೇ ನಿಲ್ಲಿಸಿಬಿಡಬೇಡಿ" ಎಂದು. ತಿಂಗಳುಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಬಂದರೆ ಮೂತ್ರಪಿಂಡದ ತಲೆಯ ಮೇಲಿರುವ ಗ್ರಂಥಿಗಳು ತಮ್ಮ ಕೆಲಸ ಮರೆತು ಸುಮ್ಮನಾಗುತ್ತವೆ. ಥಟ್ಟನೆ ನಿಲ್ಲಿಸಿದರೆ ರಕ್ತದ ಒತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಅಳತೆ ಗೊತ್ತಿರುವ ಮಾತ್ರೆಗೆ ಬದಲಾಯಿಸಿ, ವಾರ ವಾರಕ್ಕೂ ಇಷ್ಟಿಷ್ಟೇ ಇಳಿಸುತ್ತ ಬರಬೇಕು. ನನಗೆ ಮೈ ನಡುಗಿತು. ಹೊಸ ಸತ್ಯದ ಆವೇಶದಲ್ಲಿ ನಾನು ಪೊಟ್ಟಣಗಳನ್ನೆಲ್ಲ ಒಲೆಗೆ ಹಾಕಿದ್ದರೆ? ತಿಳಿಯುವುದಷ್ಟೇ ಸಾಲದು, ತಿಳಿದದ್ದನ್ನು ಇಳಿಸುವ ಕ್ರಮವನ್ನೂ ತಿಳಿಯಬೇಕಿತ್ತು.

ಅಂದು ರಾತ್ರಿ ಅತ್ತೆಗೆ ಹೇಳಿದೆ. ಅವರು ಅವರೆಕಾಳು ಹಿಸುಕುತ್ತ ಕೂತಿರಲಿಲ್ಲ, ಜಪಮಾಲೆ ಹಿಡಿದಿರಲಿಲ್ಲ; ಮಕ್ಕಳ ಸಮವಸ್ತ್ರಕ್ಕೆ ಗುಂಡಿ ಹೊಲಿಯುತ್ತಿದ್ದರು. ಹೊಲಿಯುವುದನ್ನು ನಿಲ್ಲಿಸದೆ ಎಲ್ಲ ಕೇಳಿಕೊಂಡರು. ಆಮೇಲೆ, "ನಿಂಗೆ ಅನುಮಾನ ಬಂದಿದ್ದು ಯಾವಾಗ?" ಎಂದರು.

ಮೊನ್ನೆ ಡಾಕ್ಟರು ಹೇಳಿದ ಮೇಲೆ ಎಂದು ಹೇಳಬಹುದಿತ್ತು. ಯಾವ ಯಂತ್ರವೂ ಅದನ್ನು ಹಿಡಿಯುತ್ತಿರಲಿಲ್ಲ.

"ಯುಗಾದಿ ದಿನ, ಅಮ್ಮ" ಎಂದೆ.

ಅವರು ದಾರ ಕಚ್ಚಿ ತುಂಡು ಮಾಡಿದರು. ಬಹಳ ಹೊತ್ತು ಮಾತಾಡಲಿಲ್ಲ. ಬಯ್ಯುತ್ತಾರೆ ಎಂದುಕೊಂಡೆ, ಬಯ್ದಿದ್ದರೆ ಹಗುರಾಗುತ್ತಿತ್ತು. ಕೊನೆಗೆ ಹೇಳಿದರು: "ನಂಗೆ ಅದಕ್ಕೂ ಮೊದಲೇ ಬಂದಿತ್ತು ಕಣೇ. ನಮ್ಮಜ್ಜಿ ಊರಿಗೆಲ್ಲ ಕಷಾಯ ಕಾಸಿ ಕೊಡ್ತಿದ್ದೋರು. ಮೂರು ದಿನಕ್ಕೆ ಮಂಡಿ ಬಿಡಿಸೋ ಬೇರು ಅವರ ಹತ್ರ ಇರ್ಲಿಲ್ಲ. ಇದೇನೋ ಬೇರೆ ಅಂತ ಅನ್ನಿಸ್ತು. ಕೇಳಿದ್ರೆ ನಿಲ್ಲಿಸು ಅಂತೀರಿ. ಕೈಯಲ್ಲಿ ಆಗ್ತಿತ್ತಲ್ಲ, ಸಾಕು ಅಂತ ಸುಮ್ನಾದೆ."

ಒಂದೇ ಛಾವಣಿಯ ಕೆಳಗೆ ಇಬ್ಬರು ಹೆಂಗಸರು, ಒಬ್ಬರಿಗೊಬ್ಬರು ಕಾಣದ ಹಾಗೆ, ಒಂದೇ ಪ್ರಶ್ನೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದೆವು. ಅವರದು ನೋವಿನ ಭಯ, ನನ್ನದು ನಾಲ್ಕೂವರೆಯ ಅಲಾರಂನ ಭಯ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಇವತ್ತಿಗೂ ಧೈರ್ಯವಿಲ್ಲ.

ಆ ನಾಟಿವೈದ್ಯರ ಮನೆಗೂ ಹೋದೆವು. ಹೋಗುವ ದಾರಿಯುದ್ದಕ್ಕೂ ನಾನು ಮಾತುಗಳನ್ನು ಮಸೆಯುತ್ತಿದ್ದೆ. ಜಗಲಿಯ ಮೇಲೆ ವರದಿ ಹರಡಿ, ಏನು ಕೊಟ್ಟಿದ್ದೀರಿ ನೋಡಿ ಎಂದೆ. ಅವರು ಕಾಗದ ನೋಡಿದರು, ನನ್ನ ಮುಖ ನೋಡಿದರು. "ನಂಗೆ ಗೊತ್ತಿರ್ಲಿಲ್ಲ ತಾಯಿ" ಎಂದರು. ಬೇರುಗಳನ್ನು ತಾವೇ ಕುಟ್ಟುತ್ತಾರಂತೆ. ಅದಕ್ಕೆ ಬೆರೆಸುವ ಒಂದು 'ಭಸ್ಮ'ವನ್ನು ಮಾತ್ರ ದೊಡ್ಡ ಊರಿನಿಂದ ಬರುವ ವ್ಯಾಪಾರಿ ಕೊಡುತ್ತಾನಂತೆ. ಅದನ್ನು ಸೇರಿಸಿದ ಮೇಲೆಯೇ ಔಷಧಿ ಹಿಡಿಯತೊಡಗಿದ್ದಂತೆ. ಅದೇನೆಂದು ಕೇಳಲಿಲ್ಲವೇ ಎಂದೆ. ಅವರು ತಲೆ ತಗ್ಗಿಸಿದರು. ಅಷ್ಟರಲ್ಲಿ ಅವರ ಹೆಂಡತಿ ಕಾಫಿ ತಂದರು. ಲೋಟ ಕೊಡುವಾಗ ತಲೆಯೆತ್ತಿ ನೋಡಿದೆ. ದುಂಡು ಮುಖ, ಕೆನ್ನೆಯ ಮೇಲೆ ನಸುಗೆಂಪು, ಮುಂಗೈ ಮೇಲೆ ನೀಲಿ ಕಲೆಗಳು. ಅವರೂ ಅದೇ ಪುಡಿ ತಿನ್ನುತ್ತಿದ್ದರು.

ನಾನು ಮಸೆದಿಟ್ಟುಕೊಂಡ ಮಾತುಗಳು ಗಂಟಲಲ್ಲೇ ಉಳಿದವು. ಆಕೆಯನ್ನು ಕೂರಿಸಿ, ಥಟ್ಟನೆ ನಿಲ್ಲಿಸಬೇಡಿ, ನಾಳೆಯೇ ಡಾಕ್ಟರಿಗೆ ತೋರಿಸಿ ಎಂದು ಮೂರು ಸಲ ಹೇಳಿಬಂದೆ. ವರದಿಯ ಜೊತೆ ಬರಹದಲ್ಲಿ ದೂರನ್ನೂ ಕೊಟ್ಟೆವು. ಆಮೇಲೆ ಆ ಊರಿನಲ್ಲಿ ಆ ಪುಡಿ ಸಿಗಲಿಲ್ಲ. ವ್ಯಾಪಾರಿ ಸಿಕ್ಕಲೇ ಇಲ್ಲ. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯ 26ನೆಯ ಕಲಮಿನ ಪ್ರಕಾರ ಔಷಧಿ ಕೊಂಡ ಯಾರು ಬೇಕಾದರೂ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಅದನ್ನು ಪರೀಕ್ಷೆ ಮಾಡಿಸಬಹುದು. ಅದಕ್ಕೆ ಸೊಸೆ ಪ್ರಯೋಗಾಲಯದಲ್ಲಿ ಇರಬೇಕೆಂದಿಲ್ಲ. ಇದು ನಮ್ಮೂರಿನ ಕಥೆ ಮಾತ್ರವೂ ಅಲ್ಲ. ತೈವಾನಿನಲ್ಲಿ 2609 ಸಾಂಪ್ರದಾಯಿಕ ಔಷಧಿಗಳ ಮಾದರಿಗಳನ್ನು ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸುಮಾರು ಕಾಲು ಭಾಗದಲ್ಲಿ ಹೇಳದೆ ಬೆರೆಸಿದ ಆಧುನಿಕ ಔಷಧಿಗಳಿದ್ದವು.

ಹಾಗೆಂದು ಆ ವಸ್ತುವನ್ನು ರಾಕ್ಷಸನೆನ್ನಲು ನನಗೆ ಮನಸ್ಸಿಲ್ಲ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಇದರ ಹಿರಿಯಕ್ಕನಾದ ಕಾರ್ಟಿಸೋನನ್ನು ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಒಬ್ಬ ತರುಣಿಗೆ ಕೊಟ್ಟಾಗ ಅವಳು ಕೆಲವೇ ದಿನಗಳಲ್ಲಿ ಎದ್ದು ಓಡಾಡಿದಳು. ಅದಕ್ಕಾಗಿ 1950ರಲ್ಲಿ ಅವನಿಗೂ ಇನ್ನಿಬ್ಬರಿಗೂ ನೊಬೆಲ್ ಬಹುಮಾನ ಬಂತು. 2020ರಲ್ಲಿ ಕೋವಿಡ್‌ನಿಂದ ಉಸಿರು ಕಟ್ಟಿದ ಎಷ್ಟೋ ಜನರನ್ನು ಉಳಿಸಿದ್ದು ಇದೇ ಡೆಕ್ಸಾಮೆಥಸೋನ್, ದಿನಕ್ಕೆ ಆರು ಮಿಲಿಗ್ರಾಂ. ಮರುವರ್ಷ, ಸಕ್ಕರೆ ಕಾಯಿಲೆಯ ಜೊತೆ ಅಳತೆ ಮೀರಿದ ಸ್ಟೀರಾಯ್ಡ್ ಸೇರಿದ ಕಡೆ ಕಪ್ಪು ಶಿಲೀಂಧ್ರ ಕಣ್ಣುಗಳನ್ನು ತಿಂದದ್ದನ್ನೂ ನಾವು ಕಂಡಿದ್ದೇವೆ. ವಸ್ತುವಿನ ಮೇಲೆ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಹೆಸರು ಹೇಳದೆ, ಅಳತೆ ಹೇಳದೆ, ಕೇಳದೆ ಕೊಡುವುದರಲ್ಲಿದೆ. ಕೇಳದೆ ತೆಗೆದುಕೊಳ್ಳುವುದರಲ್ಲೂ ಒಂದಿಷ್ಟಿದೆ.

ಹಾಗಾದರೆ ಎಷ್ಟು ತಿಳಿದಿರಬೇಕು? ತಿನ್ನುವ ಪ್ರತಿ ಅಗುಳನ್ನೂ ಪರೀಕ್ಷಿಸಿ ಬದುಕಲಾಗುವುದಿಲ್ಲ. ನಂಬದೆ ಸಂಸಾರ ನಡೆಯುವುದಿಲ್ಲ. ಹಾಲಿನವನನ್ನು, ಮೇಷ್ಟರನ್ನು, ಗಂಡನನ್ನು, ಮಕ್ಕಳನ್ನು ದಿನವೂ ನಂಬಿಯೇ ಮುಂದೆ ಹೋಗುತ್ತೇವೆ. ನಿಜವಾಗಿ ಗೊತ್ತಿಲ್ಲದಿರುವುದು ತಪ್ಪಲ್ಲ; ಅದು ನಮ್ಮೆಲ್ಲರ ಸ್ಥಿತಿ. ಆದರೆ ನನ್ನ 'ಗೊತ್ತಿಲ್ಲ' ಆ ಜಾತಿಯದಾಗಿರಲಿಲ್ಲ. ಆ ವೈದ್ಯರದು ಯಾವ ಜಾತಿಯದು ಎಂದು ನಾನು ಹೇಳಲಾರೆ. ನನ್ನದು ಮಾತ್ರ ನನಗೆ ಗೊತ್ತು. ಪ್ರಶ್ನೆ ಬಾಗಿಲಿಗೆ ಬಂದಿತ್ತು, ಉತ್ತರ ಸಿಕ್ಕರೆ ನನಗೇನು ನಷ್ಟ ಎಂದು ಲೆಕ್ಕ ಹಾಕಿದೆ, ಹಾಕಿದ ಮೇಲೆ ತುಪ್ಪ ಬಡಿಸಲು ಎದ್ದುಹೋದೆ. ಉತ್ತರದಿಂದ ಏನು ಕಳೆದುಕೊಳ್ಳುತ್ತೇವೆಂದು ಲೆಕ್ಕ ಹಾಕಿದವರು ಉತ್ತರವನ್ನು ಅರ್ಧ ತಿಳಿದೇ ಇರುತ್ತಾರೆ. ಪಕ್ಕದ ಮನೆಯ ಅಳು ಕೇಳಿ ನಾವು ರೇಡಿಯೋ ದನಿ ಏರಿಸಿದಾಗಲೂ ಹೀಗೇ ಆಗಿರುತ್ತದೆ. ಅಲ್ಲಿಂದ ಮುಂದೆ ಗೊತ್ತಿರಲಿಲ್ಲ ಎನ್ನುವುದಕ್ಕೆ ನಮಗೆ ಹಕ್ಕಿಲ್ಲ ಎಂದು ನನಗೆ ತೋರುತ್ತದೆ.

ಅತ್ತೆಯ ಮಾತ್ರೆ ಪೂರ್ತಿ ನಿಲ್ಲಲು ಐದು ತಿಂಗಳಾಯಿತು. ಸಕ್ಕರೆ ಇಳಿಯಿತು, ಗಾಯ ಮಾಯಿತು, ಮುಖ ಮೊದಲಿನ ಹಾಗೆ ಒಣಗಿತು. ನೋವು ತಿರುಗಿ ಬಂತು. ಬೇರೆ ಔಷಧಿ, ಶಾಖ, ವ್ಯಾಯಾಮದಿಂದ ಅರ್ಧ ಹತೋಟಿಗೆ ಬಂದದ್ದೇ ಹೆಚ್ಚು. 1995ರ ಸಂಕ್ರಾಂತಿಯ ದಿನ ಅವರು ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಬಗ್ಗಿ ರಂಗೋಲಿ ಎಳೆದೆ. "ಚುಕ್ಕಿ ಸೊಟ್ಟ ಆಯ್ತು ನೋಡು" ಎಂದರು. ಅಳಿಸಿ ಮತ್ತೆ ಇಟ್ಟೆ. ಅವತ್ತು ಅವರು ಸುಖವಾಗಿದ್ದರೆಂದು ನಾನು ಹೇಳಲಾರೆ. ಕೈ ಮಡಿಲಲ್ಲಿಟ್ಟುಕೊಂಡು ಒಂದೊಂದೇ ಬೆರಳನ್ನು ಒತ್ತಿಕೊಳ್ಳುತ್ತಿದ್ದರು.

ಈಗ ನನಗೂ ಮಂಡಿನೋವು. ಮೊನ್ನೆ ಸೊಸೆ ಫೋನಿನಲ್ಲಿ ತರಿಸಿದ ಒಂದು ಡಬ್ಬಿ ತಂದುಕೊಟ್ಟಳು. "ತಗೊಳ್ಳಿ ಅಮ್ಮ, ನೂರಕ್ಕೆ ನೂರು ಗಿಡಮೂಲಿಕೆ ಅಂತ ಬರೆದಿದೆ. ಒಂದೇ ವಾರಕ್ಕೆ ಓಡಾಡ್ತಾರಂತೆ." ನಾನು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ಓದಿದೆ. ಅವಳಿಗೆ ಎಂಟು ಗಂಟೆಗೆ ಕಂಪನಿಯ ವ್ಯಾನು ಬರುತ್ತದೆ; ಮಗುವನ್ನು ಶಾಲೆಗೆ ಬಿಡುವವಳು ನಾನೇ. ನನ್ನ ಕಾಲು ಆಡಿದರೆ ಅವಳ ಬದುಕು ಎಷ್ಟು ಹಗುರವಾಗುತ್ತದೆಂದು ನನಗೆ ಗೊತ್ತಿಲ್ಲವೇ?

"ಕೂತ್ಕೋ, ಐದು ನಿಮಿಷ" ಎಂದೆ. "ಇದರಲ್ಲಿ ಏನಿದೆ ಅಂತ ಇಬ್ಬರೂ ಸೇರಿ ಕೇಳೋಣ."